ಝೂಮ್ ಕಣ್ಣು, ಓಡುವ ಗುರಿ: ಗರ್ಪ್ಸ್ ಆಟದಲ್ಲಿ ದೂರದಿಂದ ಗುಂಡು ಹೊಡೆಯುವ ಲೆಕ್ಕ, ಹೆಜ್ಜೆ ಹೆಜ್ಜೆಯಾಗಿ

ಗರ್ಪ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಕ್ಯಾರೆಕ್ಟರ್ ಆಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಚೌಕುಳಿ ಹಾಳೆಯ ಒಂದು ಮೂಲೆಯಲ್ಲಿ ಅಂಗಿಯ ಗುಂಡಿ ಇಟ್ಟಿದ್ದೆವು. ಅದು ಮೀರಾ, ಗೆಳತಿಯೊಬ್ಬಳು ಆಡುತ್ತಿದ್ದ ಕ್ಯಾರೆಕ್ಟರ್. ಹಾಳೆಯ ನಡುವೆ ನೀಲಿ ಪೆನ್ನಿನ ಮುಚ್ಚಳ ಮಲಗಿತ್ತು. ಅದು ತಪ್ಪಿಸಿಕೊಂಡು ಹೋಗುತ್ತಿದ್ದ ಬೈಕ್. ಮೀರಾಳ ಕಣ್ಣಿಗೆ ಆಪರೇಷನ್ ಆಗಿತ್ತು, ದುರ್ಬೀನಿನ ಹಾಗೆ ದೂರದ್ದನ್ನು ಹತ್ತಿರ ಎಳೆದು ನೋಡಬಲ್ಲಳು. ಗೆಳತಿ ದಾಳ ಕೈಯಲ್ಲಿ ಹಿಡಿದು ಕೇಳಿದಳು: "ನನ್ನ ಕಣ್ಣು ಝೂಮ್ ಆಗುತ್ತೆ ಅಲ್ವಾ? ಮತ್ತೆ ದೂರದ ಪೆನಾಲ್ಟಿ ನಂಗ್ಯಾಕೆ?"

ಪ್ರಶ್ನೆ ನ್ಯಾಯವಾಗಿಯೇ ಇದೆ ಅನ್ನಿಸಿತು. ಆಟ ನಡೆಸುತ್ತಿದ್ದವನು ನಾನು. ಸರಿ, ಪೆನಾಲ್ಟಿ ಬಿಟ್ಟುಬಿಡು ಅಂದೆ. ಆಮೇಲೆ ಮೂರು ವಾರ ಮೀರಾಳ ಗುರಿ ತಪ್ಪಿದ್ದೇ ಇಲ್ಲ. ಉಳಿದ ಮೂವರು ಕೈಕಟ್ಟಿ ನೋಡುವ ಹಾಗಾಯಿತು. ಕೊನೆಗೆ ಒಂದು ಭಾನುವಾರ ಪುಸ್ತಕ ತೆಗೆದು ಸಾಲು ಸಾಲಾಗಿ ಓದಿದೆ. ಗರ್ಪ್ಸ್ ನಿಯಮದಲ್ಲಿ ಝೂಮ್ ಕಣ್ಣು ದೂರವನ್ನು ಅಳಿಸಿಹಾಕುವುದಿಲ್ಲ. ಗುರಿ ಹಿಡಿಯಲು ನೀವು ಎಷ್ಟು ಸೆಕೆಂಡ್ ಕೊಡುತ್ತೀರೋ ಅಷ್ಟು ಬೋನಸ್ ಅದು ಕೊಡುತ್ತದೆ. ಗುರಿ ಓಡುತ್ತಿದ್ದರೆ ಆ ಸೆಕೆಂಡುಗಳಲ್ಲೇ ಅದು ದೂರ ಹೋಗುತ್ತಿರುತ್ತದೆ. ಈ ಜಗ್ಗಾಟ ಅರ್ಥವಾದ ಮೇಲೆ ನಮ್ಮ ಮೇಜಿನ ಅತಿ ರೋಚಕ ದೃಶ್ಯಗಳು ಇಲ್ಲಿಂದಲೇ ಹುಟ್ಟಿವೆ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು, ಆಟದ ಅಡಿಪಾಯ

ಗರ್ಪ್ಸ್ ಅಮೆರಿಕದ ಸ್ಟೀವ್ ಜಾಕ್ಸನ್ ಗೇಮ್ಸ್ ಕಂಪನಿಯ ಆಟ. ಮೊದಲು ಬಂದಿದ್ದು 1986ರಲ್ಲಿ. ಈಗ ನಾವು ಆಡುವ ನಾಲ್ಕನೇ ಆವೃತ್ತಿ 2004ರದ್ದು. ಅದರ ಮೂಲ ನಿಯಮಗಳು ಬೇಸಿಕ್ ಸೆಟ್ ಎಂಬ ಎರಡು ಸಂಪುಟಗಳಲ್ಲಿವೆ. ಕತ್ತಿ ಕಾಲದ ಕಥೆಯಾಗಲಿ, ಬಾಹ್ಯಾಕಾಶದ ಕಥೆಯಾಗಲಿ, ನಿಯಮ ಅದೇ. ಹೊಸಬರು ರುಚಿ ನೋಡಬೇಕೆಂದರೆ ಗರ್ಪ್ಸ್ ಲೈಟ್ ಎಂಬ 32 ಪುಟದ ಸಂಕ್ಷಿಪ್ತ ಆವೃತ್ತಿಯನ್ನು ಕಂಪನಿಯೇ ಉಚಿತವಾಗಿ ಕೊಡುತ್ತದೆ.

ಪ್ರತಿ ಕೆಲಸಕ್ಕೂ ನಿಮ್ಮ ಕ್ಯಾರೆಕ್ಟರಿಗೆ ಸ್ಕಿಲ್ ಎಂಬ ಪರಿಣತಿಯ ಅಂಕ ಇರುತ್ತದೆ. ಮೂರು ದಾಳ ಹಾಕಬೇಕು. ಮೊತ್ತ ನಿಮ್ಮ ಸ್ಕಿಲ್‌ನಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಂದರೆ ಗೆದ್ದಿರಿ. ಅಂದರೆ ಇಲ್ಲಿ ಚಿಕ್ಕ ಸಂಖ್ಯೆ ಒಳ್ಳೆಯದು. ಬೋನಸ್, ಪೆನಾಲ್ಟಿ ಎಲ್ಲ ಸ್ಕಿಲ್‌ಗೆ ಸೇರುತ್ತವೆ ಅಥವಾ ಅದರಿಂದ ಕಳೆಯುತ್ತವೆ. ಸ್ಕಿಲ್ 10 ಉಳಿದರೆ ಗೆಲ್ಲುವ ಅವಕಾಶ ಸರಿಯಾಗಿ ಅರ್ಧ. 14 ಉಳಿದರೆ ನೂರಕ್ಕೆ ಸುಮಾರು 91. 5ಕ್ಕೆ ಇಳಿದರೆ ನೂರಕ್ಕೆ 5 ಕೂಡ ಇಲ್ಲ. ಈ ಮೂರು ಅಂಕಿ ತಲೆಯಲ್ಲಿರಲಿ. ಹೋರಾಟದಲ್ಲಿ ಒಂದು ಟರ್ನ್ ಅಂದರೆ ಒಂದೇ ಸೆಕೆಂಡ್. ಇದನ್ನೂ ಮರೆಯಬೇಡಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಹೆಜ್ಜೆ 1: ದೂರದ ಟೇಬಲ್ ಬಾಯಿಪಾಠ ಮಾಡಿ

ಬೇಸಿಕ್ ಸೆಟ್ ಪುಸ್ತಕದ ಪುಟ 550ರಲ್ಲಿ ಒಂದು ಟೇಬಲ್ ಇದೆ. ಗಾತ್ರ, ವೇಗ, ದೂರ ಮೂರಕ್ಕೂ ಅದೊಂದೇ. ಅಳತೆ ಯಾರ್ಡ್‌ನಲ್ಲಿದೆ. ನಮಗೆ ಇದು ಅನುಕೂಲ, ಯಾಕೆಂದರೆ ಯಾರ್ಡ್ ಅಂದರೆ ನಮ್ಮ ಗಜವೇ, ಮೂರು ಅಡಿ. ನಮ್ಮ ಮೇಜಿನಲ್ಲಿ ನಾವು ಗಜ ಅಂತಲೇ ಹೇಳುವುದು.

2 ಗಜದವರೆಗೆ ಪೆನಾಲ್ಟಿ ಇಲ್ಲ. 3 ಗಜಕ್ಕೆ -1, 5ಕ್ಕೆ -2, 7ಕ್ಕೆ -3, 10ಕ್ಕೆ -4, 15ಕ್ಕೆ -5. ಇಷ್ಟು ಕಲಿತರೆ ಸಾಕು. ಮುಂದಕ್ಕೆ ಒಂದು ಸೊನ್ನೆ ಸೇರಿಸಿದಾಗಲೆಲ್ಲ ಇನ್ನೂ 6 ಕಳೆಯುತ್ತಾ ಹೋಗಿ. 2 ಗಜಕ್ಕೆ 0, 20ಕ್ಕೆ -6, 200ಕ್ಕೆ -12. 10ಕ್ಕೆ -4, 100ಕ್ಕೆ -10, 1000ಕ್ಕೆ -16. ಮಗ್ಗಿ ಹೇಳಿದ ಹಾಗೆ ನಾಲ್ಕು ಸಲ ಹೇಳಿಕೊಂಡರೆ ಪುಸ್ತಕ ತೆರೆಯುವ ಕೆಲಸವೇ ಇಲ್ಲ.

ದೂರ ಎರಡು ಅಂಕಿಗಳ ನಡುವೆ ಬಂದರೆ ಮೇಲಿನದನ್ನು ಹಿಡಿಯಬೇಕು. 120 ಗಜ ಅಂದರೆ 150ರ ಸಾಲು, -11.

ಗುರಿಯ ಗಾತ್ರಕ್ಕೂ ಲೆಕ್ಕ ಇದೆ. ವಯಸ್ಕ ಮನುಷ್ಯರ ಗಾತ್ರ 0. ಸಾಧಾರಣ ಕಾರಿಗೆ +3, ಅಷ್ಟು ಬೋನಸ್ ನಿಮಗೆ. ಬೈಕ್ ಸವಾರನಿಗೇ ಹೊಡೆಯುವುದಾದರೆ ಅವನ ಗಾತ್ರ 0 ಅಂತಲೇ ಇಟ್ಟುಕೊಳ್ಳಿ.

ಹೆಜ್ಜೆ 2: ವೇಗವನ್ನು ದೂರಕ್ಕೆ ಕೂಡಿಸಿ, ಆಮೇಲೆ ಟೇಬಲ್ ನೋಡಿ

ಜಾಸ್ತಿ ಜನ ತಪ್ಪುವುದು ಇಲ್ಲೇ. ದೂರಕ್ಕೊಂದು ಪೆನಾಲ್ಟಿ, ವೇಗಕ್ಕೆ ಇನ್ನೊಂದು ಅಂತ ಎರಡು ಸಲ ಕಳೆಯುತ್ತಾರೆ. ಹಾಗಲ್ಲ. ದೂರ ಎಷ್ಟು ಗಜವೋ, ಗುರಿ ಸೆಕೆಂಡಿಗೆ ಎಷ್ಟು ಗಜ ಓಡುತ್ತದೋ, ಎರಡನ್ನೂ ಕೂಡಿಸಿ. ಬಂದ ಮೊತ್ತಕ್ಕೆ ಒಂದೇ ಸಲ ಟೇಬಲ್ ನೋಡಿ.

ವೇಗವನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಅಂತ ಯೋಚಿಸುವ ನಮಗೆ ಒಂದು ಸುಲಭ ದಾರಿ ಇದೆ. ಕಿಲೋಮೀಟರ್ ವೇಗವನ್ನು 3.3ರಿಂದ ಭಾಗಿಸಿ. 66 ಕಿಲೋಮೀಟರ್ ವೇಗದ ಬೈಕ್ ಸೆಕೆಂಡಿಗೆ 20 ಗಜ ಹೋಗುತ್ತದೆ.

ಈಗ ಈ ಬೈಕನ್ನೇ ಮೂರು ಕಡೆ ಇಟ್ಟು ನೋಡೋಣ. ನಿಮ್ಮಿಂದ 10 ಗಜದಲ್ಲಿ ಬೈಕ್ ಸುಮ್ನೆ ನಿಂತಿದ್ದರೆ -4. ಓಡುತ್ತಿದ್ದರೆ 10 + 20, ಅಂದರೆ 30 ಗಜದ ಸಾಲು, -7. ಮೂರು ಅಂಕ ಹೋಯಿತು. 100 ಗಜದಲ್ಲಿ ನಿಂತಿದ್ದರೆ -10. ಓಡುತ್ತಿದ್ದರೆ 120, ಮೇಲಕ್ಕೆ 150, -11. ಒಂದೇ ಅಂಕ. 280 ಗಜದಲ್ಲಿ? ನಿಂತರೂ 300ರ ಸಾಲು, ಓಡಿದರೂ 300ರ ಸಾಲು. ಎರಡಕ್ಕೂ -13. ವ್ಯತ್ಯಾಸವೇ ಇಲ್ಲ.

ಇದನ್ನು ಮೊದಲ ಸಲ ಬರೆದು ನೋಡಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು. ಕಣ್ಣೆದುರಿಗೆ ಸರ್ರನೆ ಹಾದುಹೋಗುವ ಬೈಕಿನ ನಂಬರ್ ಓದಲು ಆಗುವುದಿಲ್ಲ. ಅದೇ ಬೈಕ್ ದೂರದ ರಸ್ತೆಯಲ್ಲಿ ಇರುವೆಯ ಹಾಗೆ ನಿಧಾನವಾಗಿ ಹರಿದಂತೆ ಕಾಣುತ್ತದೆ. ಟೇಬಲ್ ಹೇಳುತ್ತಿರುವುದೂ ಅದನ್ನೇ. ಹತ್ತಿರದಲ್ಲಿ ವೇಗ ಭಾರ, ದೂರದಲ್ಲಿ ವೇಗ ಹಗುರ. ಹಾಗಾಗಿ ಝೂಮ್ ಕಣ್ಣಿನ ಕ್ಯಾರೆಕ್ಟರ್‌ಗೆ ದೂರದ ಮಾಳಿಗೆ ಮೇಲೆ ಜಾಗ ಹುಡುಕುವುದು ಒಳ್ಳೆಯ ಬುದ್ಧಿ. ರಸ್ತೆ ಪಕ್ಕದಲ್ಲಿ ನಿಂತು ಕಾಯುವುದರಲ್ಲಿ ಅವಳಿಗೆ ಲಾಭವಿಲ್ಲ.

ಹೆಜ್ಜೆ 3: ಕಣ್ಣಿನ ಎರಡು ಕೆಲಸ ಬೇರೆ ಬೇರೆ ಇಡಿ

ಈ ಶಕ್ತಿಯ ಹೆಸರು ಟೆಲಿಸ್ಕೋಪಿಕ್ ವಿಷನ್, ಪುಟ 92. ಕ್ಯಾರೆಕ್ಟರ್ ಕಟ್ಟುವಾಗ ಇದನ್ನು ಪಾಯಿಂಟ್ ಕೊಟ್ಟು ಕೊಳ್ಳಬೇಕು, ಒಂದು ಹಂತಕ್ಕೆ 5 ಪಾಯಿಂಟ್. ಮೀರಾ ಮೂರು ಹಂತ ಕೊಂಡಿದ್ದಾಳೆ, 15 ಪಾಯಿಂಟ್. ಇದು ಎರಡು ಕೆಲಸ ಮಾಡುತ್ತದೆ. ನಾನು ಎಡವಿದ್ದು ಆ ಎರಡನ್ನು ಕಲಸಿಬಿಟ್ಟಿದ್ದರಿಂದ.

ಒಂದನೆಯದು ನೋಡುವ ಕೆಲಸ. ದೂರದಲ್ಲಿರುವುದನ್ನು ಗುರುತಿಸಲು ದಾಳ ಹಾಕುವಾಗ, ಪ್ರತಿ ಹಂತಕ್ಕೆ ದೂರದ ಪೆನಾಲ್ಟಿಯಲ್ಲಿ 1 ಅಂಕ ಯಾವಾಗಲೂ ಮಾಫಿ. ಒಂದು ಟರ್ನ್ ಕೊಟ್ಟು ಒಂದೇ ಜಾಗಕ್ಕೆ ಝೂಮ್ ಮಾಡಿದರೆ ಹಂತಕ್ಕೆ 2 ಅಂಕ ಮಾಫಿ. 200 ಗಜ ದೂರದ ಬಯಲಲ್ಲಿ ಒಬ್ಬ ನಿಂತಿದ್ದಾನೆ ಅನ್ನಿ. ಮೀರಾಳ ಗ್ರಹಿಕೆ 12. ಎದುರಿಗೆ ಬಯಲಾಗಿ ಕಾಣುವ ವಸ್ತುವಿಗೆ +10, ದೂರಕ್ಕೆ -12. ಮಾಮೂಲಿ ಕಣ್ಣಿದ್ದರೆ 10 ಉಳಿಯುತ್ತಿತ್ತು. ಇವಳ ಕಣ್ಣಿಗೆ 13. ಝೂಮ್ ಮಾಡಿದರೆ 16. ಅರ್ಧಕ್ಕರ್ಧ ಅವಕಾಶ ಇದ್ದದ್ದು ನೂರಕ್ಕೆ 98 ಆಗುತ್ತದೆ.

ಎರಡನೆಯದು ಹೊಡೆಯುವ ಕೆಲಸ. ಇಲ್ಲಿ ಮಾಫಿ ಅನ್ನುವ ಮಾತೇ ಇಲ್ಲ. ದೂರದ ಪೆನಾಲ್ಟಿ ಪೂರ್ತಿ ಬೀಳುತ್ತದೆ. ಕಣ್ಣು ಬಂದೂಕಿನ ಸ್ಕೋಪ್ ಥರ ಕೆಲಸ ಮಾಡಿ, ಹಂತಕ್ಕೆ +1ರಂತೆ ಅಕ್ಯುರೆಸಿಗೆ, ಅಂದರೆ ಆಯುಧದ ನಿಖರತೆಯ ಅಂಕಕ್ಕೆ, ಸೇರಿಸುತ್ತದೆ. ಅದಕ್ಕೊಂದು ಷರತ್ತಿದೆ: ಎಷ್ಟು ಬೋನಸ್ ಬೇಕೋ ಅಷ್ಟು ಸೆಕೆಂಡ್ ಗುರಿ ಹಿಡಿಯಬೇಕು. +3 ಬೇಕಾದರೆ ಮೂರು ಸೆಕೆಂಡ್. ಒಂದೇ ಸೆಕೆಂಡ್ ಹಿಡಿದರೆ +1. ಗುರಿಯನ್ನೇ ಹಿಡಿಯದೆ ಹೊಡೆದರೆ ಆ 15 ಪಾಯಿಂಟ್ ಕಣ್ಣಿನಿಂದ ಹೊಡೆತಕ್ಕೆ ಒಂದಂಕವೂ ಸಿಗದು.

ಇನ್ನೆರಡು ಮಿತಿಗಳಿವೆ. ಬಂದೂಕಿನಲ್ಲೂ ಸ್ಕೋಪ್ ಇದ್ದರೆ ಎರಡರ ಬೋನಸ್ ಕೂಡುವುದಿಲ್ಲ. ಕಣ್ಣೋ ಸ್ಕೋಪೋ, ಒಂದನ್ನು ಆರಿಸಿಕೊಳ್ಳಬೇಕು. ಹಾಗೇ ಇಂಥ ಸಾಧನಗಳ ಒಟ್ಟು ಬೋನಸ್ ಆಯುಧದ ಮೂಲ ಅಕ್ಯುರೆಸಿಯನ್ನು ಮೀರುವಂತಿಲ್ಲ. 9 ಎಂಎಂ ಪಿಸ್ತೂಲಿನ ಅಕ್ಯುರೆಸಿ 2. ಅದನ್ನು ಹಿಡಿದಾಗ ಮೀರಾಳ ಮೂರು ಹಂತದ ಕಣ್ಣೂ +2ಕ್ಕಿಂತ ಜಾಸ್ತಿ ಕೊಡಲಾರದು. ಒಳ್ಳೆಯ ಕಣ್ಣಿಗೆ ಒಳ್ಳೆಯ ರೈಫಲ್ಲೇ ಬೇಕು.

ಹೆಜ್ಜೆ 4: ಗುರಿ ಹಿಡಿಯುವ ಸೆಕೆಂಡುಗಳನ್ನು ಎಣಿಸಿ

ಗುರಿ ಹಿಡಿಯುವ ನಿಯಮ ಪುಟ 364ರಲ್ಲಿದೆ. ಒಂದು ಸೆಕೆಂಡ್ ಹಿಡಿದರೆ ಆಯುಧದ ಅಕ್ಯುರೆಸಿ ಪೂರ್ತಿ ಸಿಗುತ್ತದೆ. ಎರಡನೇ ಸೆಕೆಂಡಿಗೆ ಮೇಲೊಂದು +1. ಮೂರು ಅಥವಾ ಜಾಸ್ತಿ ಸೆಕೆಂಡಾದರೆ ಅದು +2 ಆಗಿ ಅಲ್ಲಿಗೇ ನಿಲ್ಲುತ್ತದೆ. ಗೋಡೆಯ ಮೇಲೋ ಮರಳಿನ ಚೀಲದ ಮೇಲೋ ಬಂದೂಕಿಗೆ ಆಸರೆ ಕೊಟ್ಟರೆ ಇನ್ನೊಂದು +1. ಕಣ್ಣಿನ ಬೋನಸ್ ಇದೆಲ್ಲದರ ಮೇಲೆ ಕೂಡುತ್ತದೆ.

ಮೀರಾಳ ರೈಫಲ್ 7.62 ಎಂಎಂ ಬೋಲ್ಟ್ ಆಕ್ಷನ್, ಅಕ್ಯುರೆಸಿ 5. ಆಸರೆ ಇದೆ. ಹಾಗಾದರೆ ಒಂದು ಸೆಕೆಂಡಿಗೆ 5 + 1 + 1, ಒಟ್ಟು +7. ಎರಡು ಸೆಕೆಂಡಿಗೆ 5 + 1 + 1 + 2, ಒಟ್ಟು +9. ಮೂರಕ್ಕೆ 5 + 1 + 2 + 3, ಒಟ್ಟು +11. ನಾಲ್ಕನೇ ಸೆಕೆಂಡಿಗೂ +11. ಅವಳ ಮಟ್ಟಿಗೆ ಮೂರೇ ತುದಿ.

ಈ ಮೂರು ಸಂಖ್ಯೆಗಳನ್ನು ಕ್ಯಾರೆಕ್ಟರ್ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ: 7, 9, 11. ಆಟದ ನಡುವೆ ಕೂಡಿಸುತ್ತಾ ಕೂತರೆ ಬೆನ್ನಟ್ಟುವ ದೃಶ್ಯದ ಬಿಸಿ ಆರಿಹೋಗುತ್ತದೆ.

ಹೆಜ್ಜೆ 5: ಎಲ್ಲ ಸೇರಿಸಿ, ಸೆಕೆಂಡ್ ಸೆಕೆಂಡಾಗಿ

ಈಗ ಆ ಹಾಳೆಗೆ ವಾಪಸ್ ಬರೋಣ. ಅಂಗಿ ಗುಂಡಿ ಮಾಳಿಗೆ ಮೇಲಿದೆ. ಪೆನ್ನಿನ ಮುಚ್ಚಳ 80 ಗಜದಲ್ಲಿದೆ, ಸೆಕೆಂಡಿಗೆ 20 ಗಜದಂತೆ ದೂರ ಹೋಗುತ್ತಿದೆ. ಮೀರಾಳ ರೈಫಲ್ ಸ್ಕಿಲ್ 15.

ಈಗಲೇ ಹೊಡೆದರೆ: 80 + 20 = 100, ಪೆನಾಲ್ಟಿ -10. ಗುರಿ ಹಿಡಿದಿಲ್ಲ, ಹಾಗಾಗಿ ಬೋನಸ್ ಇಲ್ಲ. 15ರಲ್ಲಿ 10 ಹೋದರೆ 5. ನೂರಕ್ಕೆ 5 ಕೂಡ ಇಲ್ಲ ಅಂದೆನಲ್ಲ, ಅದೇ.

ಒಂದು ಸೆಕೆಂಡ್ ಹಿಡಿದು ಹೊಡೆದರೆ: ಬೈಕ್ 100 ಗಜಕ್ಕೆ ಹೋಗಿದೆ. ವೇಗ ಸೇರಿ 120, ಸಾಲು 150, ಪೆನಾಲ್ಟಿ -11. 15 + 7 - 11 = 11. ನೂರಕ್ಕೆ 62. ಒಂದೇ ಸೆಕೆಂಡಿನ ತಾಳ್ಮೆ ತಂದ ಫಲ ಇದು.

ಎರಡು ಸೆಕೆಂಡ್: ಬೈಕ್ 120ರಲ್ಲಿ, ವೇಗ ಸೇರಿ 140. ಸಾಲು ಇನ್ನೂ 150, ಪೆನಾಲ್ಟಿ -11. 15 + 9 - 11 = 13. ನೂರಕ್ಕೆ 84 ಹತ್ತಿರ.

ಮೂರು ಸೆಕೆಂಡ್: 140 + 20 = 160, ಸಾಲು 200, ಪೆನಾಲ್ಟಿ -12. 15 + 11 - 12 = 14. ನೂರಕ್ಕೆ 91 ಹತ್ತಿರ.

ನಾಲ್ಕು, ಐದನೇ ಸೆಕೆಂಡಿನಲ್ಲೂ 14ಕ್ಕೇ ನಿಂತಿರುತ್ತದೆ. ಆರನೆಯದಕ್ಕೆ 200 + 20 = 220, ಸಾಲು 300, ಪೆನಾಲ್ಟಿ -13, ಉಳಿಯುವುದು 13. ಅಂದರೆ ಮೂರರಿಂದ ಐದನೇ ಸೆಕೆಂಡಿನ ನಡುವೆ ಒಂದು ಕಿಟಕಿ ತೆರೆದಿದೆ. ಆಮೇಲೆ ಕಾದಷ್ಟೂ ನಷ್ಟ.

ಆದರೆ 120 ಗಜದಲ್ಲಿ ರಸ್ತೆಯ ತಿರುವು ಇದ್ದರೆ? ಆಗ ಎರಡನೇ ಸೆಕೆಂಡಿನ 13ಕ್ಕೇ ಟ್ರಿಗರ್ ಒತ್ತಬೇಕು, ಇಲ್ಲವಾದರೆ ಬೈಕ್ ಮರೆಯಾಗುತ್ತದೆ. ಲೆಕ್ಕ ಒಂದು ಹೇಳುತ್ತದೆ, ಹಾಳೆಯ ಮೇಲಿನ ರಸ್ತೆ ಇನ್ನೊಂದು ಹೇಳುತ್ತದೆ. ಆಟಗಾರರು ಉಸಿರು ಬಿಗಿಹಿಡಿಯುವುದು ಇಲ್ಲೇ.

ಇನ್ನೊಂದಂಕ ಬೇಕಾದರೆ ಪೂರ್ತಿ ದಾಳಿಗೆ ಇಳಿಯಬಹುದು. ಅದಕ್ಕೆ +1, ಮೂರನೇ ಸೆಕೆಂಡಿನಲ್ಲಿ 15 ಆಗುತ್ತದೆ. 15 ಮುಟ್ಟಿದರೆ ಇನ್ನೊಂದು ಲಾಭವಿದೆ. ಸಾಧಾರಣವಾಗಿ 3, 4 ಬಿದ್ದರೆ ಮಾತ್ರ ಕ್ರಿಟಿಕಲ್ ಹಿಟ್, ಅಂದರೆ ಎದುರಿನವನು ತಪ್ಪಿಸಿಕೊಳ್ಳಲಾಗದ ಏಟು. 15ಕ್ಕೆ 5 ಬಿದ್ದರೂ ಕ್ರಿಟಿಕಲ್. ಬದಲಿಗೆ ಆ ಟರ್ನ್‌ನಲ್ಲಿ ನಿಮ್ಮ ಮೇಲೆ ಯಾರು ಹೊಡೆದರೂ ತಪ್ಪಿಸಿಕೊಳ್ಳುವಂತಿಲ್ಲ. ದೂರದ ಮಾಳಿಗೆ ಮೇಲೆ ಒಬ್ಬಳೇ ಇದ್ದರೆ ಇದು ಅಗ್ಗದ ವ್ಯಾಪಾರ.

ದೇಹದ ಇಂಥದೇ ಭಾಗಕ್ಕೆ ಹೊಡೆಯಬೇಕೆಂದರೆ ಅದಕ್ಕೆ ಬೇರೆ ಪೆನಾಲ್ಟಿ ಇದೆ. ಕೈ ಕಾಲಿಗೆ -2, ಹೃದಯ ಶ್ವಾಸಕೋಶದಂಥ ಮರ್ಮಸ್ಥಾನಕ್ಕೆ -3, ತಲೆಬುರುಡೆಗೆ -7. ಮೂರು ಸೆಕೆಂಡ್ ಕಾದು ಗಳಿಸಿದ 14ರಲ್ಲಿ ಮರ್ಮಸ್ಥಾನಕ್ಕೆ ಹೊಡೆಯಲು ಹೋದರೆ 11 ಉಳಿಯುತ್ತದೆ. ಓಡುವ ಗುರಿಗೆ ತಲೆಬುರುಡೆ ಆಸೆ ಬಿಡಿ. 14ರಲ್ಲಿ 7 ಹೋದರೆ ಕೈಯಲ್ಲಿ ಉಳಿಯುವುದು ಬರೀ 7.

ಹೆಜ್ಜೆ 6: ಹಿಡಿದ ಗುರಿ ಯಾವಾಗ ಕೈಬಿಡುತ್ತದೆ

ಗುರಿ ಹಿಡಿಯುತ್ತಿರುವಾಗ ನಿಮ್ಮ ಮೇಲೆ ಯಾರಾದರೂ ಹೊಡೆದರೆ, ನೀವು ತಪ್ಪಿಸಿಕೊಳ್ಳಲು ಬಗ್ಗಿದರೆ, ಅಲ್ಲಿಯವರೆಗೆ ಕೂಡಿಟ್ಟ ಬೋನಸ್ ಎಲ್ಲ ಹೋಯಿತು. ಮತ್ತೆ ಸೊನ್ನೆಯಿಂದ ಶುರು. ಬಗ್ಗದೆ ಏಟು ತಿಂದರೆ ಮನೋಬಲದ ಮೇಲೆ ದಾಳ ಹಾಕಬೇಕು. ಗೆದ್ದರೆ ಗುರಿ ಉಳಿಯುತ್ತದೆ. ಓಡುತ್ತಾ ಹೊಡೆಯುವವರಿಗೆ ಗುರಿ ಹಿಡಿದ ಲಾಭ ಸಿಗುವುದೇ ಇಲ್ಲ. ಕಾಣದ ವಸ್ತುವಿನ ಮೇಲೆ ಗುರಿ ಹಿಡಿಯಲೂ ಆಗದು.

ಬೈಕ್ ಒಂದು ಲಾರಿಯ ಹಿಂದೆ ಒಂದು ಸೆಕೆಂಡ್ ಮರೆಯಾಗಿ ಮತ್ತೆ ಕಂಡರೆ? ನಮ್ಮ ಮೇಜಿನಲ್ಲಿ ನಾವು ಹೀಗೆ ಮಾಡಿಕೊಂಡಿದ್ದೇವೆ: ಗುರಿ ನೇರವಾಗಿ ಅದೇ ದಾರಿಯಲ್ಲಿ ಹೊರಬಂದರೆ ಹಳೆಯ ಬೋನಸ್ ಉಳಿಯುತ್ತದೆ, ಆ ಮರೆಯಾದ ಸೆಕೆಂಡ್ ಮಾತ್ರ ಲೆಕ್ಕಕ್ಕಿಲ್ಲ. ದಾರಿ ಬದಲಿಸಿದ್ದರೆ ಎಲ್ಲ ಹೊಸದಾಗಿ. ಇದು ನಮ್ಮ ಮನೆ ನಿಯಮ, ನೀವು ಬೇರೆ ಥರ ಮಾಡಬಹುದು.

ಎದುರಿನವನಿಗೂ ಅವಕಾಶ ಇದೆ. ನಿಮ್ಮ ಗುಂಡು ಸರಿಯಾಗಿ ಹೋದರೂ ಅವನು ತಪ್ಪಿಸಿಕೊಳ್ಳಲು ದಾಳ ಹಾಕಬಹುದು. ಆದರೆ ದಾಳಿ ಬರುತ್ತಿದೆ ಅಂತ ಅವನಿಗೆ ಗೊತ್ತಿರಬೇಕು. ದೂರದಿಂದ, ಮರೆಯಿಂದ ಹೊಡೆದ ಮೊದಲ ಗುಂಡಿಗೆ ಆ ಅವಕಾಶ ಸಿಗುವುದಿಲ್ಲ. ಎರಡನೆಯದಕ್ಕೆ ಸಿಗುತ್ತದೆ. ಮೂರು ಸೆಕೆಂಡ್ ಕಾದು ಮೊದಲ ಗುಂಡನ್ನೇ ಗಟ್ಟಿ ಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಆಟ ನಡೆಸುವವರಿಗೆ ಒಂದೆರಡು ಮಾತು

ಪ್ರತಿ ಸೆಕೆಂಡಿನ ದೂರವನ್ನು ಜೋರಾಗಿ ಹೇಳಿ. "100 ಗಜ... 120 ಗಜ... ಮುಂದೆ ತಿರುವು." ಪೆನ್ನಿನ ಮುಚ್ಚಳವನ್ನು ಕೈಯಿಂದ ಸರಿಸಿ ತೋರಿಸಿ. ಪೆನಾಲ್ಟಿಯನ್ನು ಮುಚ್ಚಿಟ್ಟುಕೊಂಡರೆ ಆಟಗಾರರಿಗೆ ಆಯ್ಕೆಯೇ ಇರುವುದಿಲ್ಲ. ಸಂಖ್ಯೆ ಕಣ್ಣೆದುರಿಗಿದ್ದಾಗಲೇ ಇನ್ನೊಂದು ಸೆಕೆಂಡ್ ಕಾಯಲೋ ಬೇಡವೋ ಅನ್ನುವ ಚಡಪಡಿಕೆ ಹುಟ್ಟುವುದು.

ಝೂಮ್ ಮಾಡಿದ ಕಣ್ಣಿಗೆ ಅಕ್ಕಪಕ್ಕ ಕಾಣುವುದಿಲ್ಲ ಅಲ್ವಾ? ದುರ್ಬೀನಿನಲ್ಲಿ ಹಕ್ಕಿ ನೋಡಿದವರಿಗೆ ಇದು ಗೊತ್ತು. ಹಕ್ಕಿಯ ಕೊಕ್ಕು ಕಾಣುತ್ತದೆ, ಕಾಲ ಹತ್ತಿರದ ಕಲ್ಲು ಕಾಣುವುದಿಲ್ಲ. ಅದಕ್ಕೆ ನಮ್ಮಲ್ಲಿ, ಗುರಿ ಹಿಡಿದಿರುವಾಗ ಬೇರೆ ಕಡೆ ನಡೆಯುವುದನ್ನು ಗಮನಿಸಲು -4 ಇಟ್ಟಿದ್ದೇವೆ. ಇದೂ ಮನೆ ನಿಯಮವೇ. ಇದರಿಂದ ಉಳಿದ ಆಟಗಾರರಿಗೆ ಒಳ್ಳೆಯ ಕೆಲಸ ಸಿಕ್ಕಿತು. ಮೀರಾ ಗುರಿ ಹಿಡಿದಾಗ ಇನ್ನೊಬ್ಬರು ಅವಳ ಬೆನ್ನು ಕಾಯುತ್ತಾರೆ. ಆ ಮೂರು ವಾರ ಸುಮ್ನೆ ಕೂತಿದ್ದವರು ಈಗ ಪ್ರತಿ ಸೆಕೆಂಡಿನಲ್ಲೂ ಆಟದೊಳಗೆ ಇರುತ್ತಾರೆ.

ಬೈಕ್ ನಿಮ್ಮ ಕಡೆಗೇ ಬರುತ್ತಿದ್ದರೆ ಲೆಕ್ಕ ಮಗುಚಿಕೊಳ್ಳುತ್ತದೆ. 200 ಗಜದಿಂದ ಅದೇ ವೇಗದಲ್ಲಿ ಬರುತ್ತಿದೆ ಅನ್ನಿ. ಮೂರು ಸೆಕೆಂಡ್ ಆದಮೇಲೆ 140ರಲ್ಲಿದೆ, ವೇಗ ಸೇರಿ 160, ಮೀರಾಳಿಗೆ ಉಳಿಯುವ ಸ್ಕಿಲ್ 14. ಐದು ಸೆಕೆಂಡಿಗೆ 100ರಲ್ಲಿ, ವೇಗ ಸೇರಿ 120, ಸ್ಕಿಲ್ 15. ಏಳಕ್ಕೆ 60ರಲ್ಲಿ, ವೇಗ ಸೇರಿ 80, ಸಾಲು 100, ಸ್ಕಿಲ್ 16. ಕಾದಷ್ಟೂ ಲಾಭ. ಆದರೆ ಸವಾರನ ಕೈಯಲ್ಲೂ ಪಿಸ್ತೂಲಿದೆ, ಅವನಿಗೂ ದೂರ ಕಡಿಮೆಯಾಗುತ್ತಾ ಬರುತ್ತಿದೆ. ಕಳೆದ ತಿಂಗಳು ಇದೇ ದೃಶ್ಯ ಬಂದಾಗ ಗೆಳತಿ ಐದನೇ ಸೆಕೆಂಡಿಗೆ ದಾಳ ಎತ್ತಿಕೊಂಡಳು. ಸ್ಟೀಲ್ ತಟ್ಟೆಯಲ್ಲಿ ಮೂರು ದಾಳ ಉರುಳಿ 4, 5, 5 ಬಿತ್ತು. ಹದಿನಾಲ್ಕು. ಮೂರನೇ ಸೆಕೆಂಡಿಗೆ ಹೊಡೆದಿದ್ದರೂ ಸಿಗುತ್ತಿತ್ತು ಅಂತ ಒಬ್ಬ ಅಂದ. "ಸಿಗುತ್ತಿತ್ತು, ಆದರೆ ಆಗ ನಂಗೆ ಗೊತ್ತಿರಲಿಲ್ಲವಲ್ಲ" ಅಂದಳು ಅವಳು, ಪೆನ್ನಿನ ಮುಚ್ಚಳವನ್ನು ಮೆಲ್ಲಗೆ ಮಗ್ಗುಲಿಗೆ ಉರುಳಿಸುತ್ತಾ.